ಕ್ಯಾರಿಬೂ ಬರುವ ದಾರಿ ಕಾಯುವವರು

ಕತ್ತಲಲ್ಲಿ ಕೂದಲು ಸಮೇತ ಇರುವ ಕ್ಯಾರಿಬೂ ಚರ್ಮವನ್ನು ರಭಸವಾಗಿ ಸವರಿದರೆ ಚಿಟಿಚಿಟಿ ಕಿಡಿ ಹಾರುತ್ತದೆ. ಕೆನಡಾದ ಉತ್ತರದಲ್ಲಿ ಬದುಕುವ ಡೆನೆ ಜನ ಇದನ್ನು ಚೆನ್ನಾಗಿ ಬಲ್ಲವರು. ಅದಕ್ಕೇ ಆಕಾಶದಲ್ಲಿ ಧ್ರುವಪ್ರಭೆ ಮಿನುಗಿದಾಗ ಅದನ್ನೂ ಕ್ಯಾರಿಬೂ ಎಂದೇ ಕರೆದರು. ಬೆಳಕು ಜೋರಾಗಿದೆಯೆಂದರೆ ಮೇಲಿನ ಹಿಂಡು ದೊಡ್ಡದು ಎಂದು ಲೆಕ್ಕ. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ ಬೇ ಕಂಪನಿಯ ಸ್ಯಾಮ್ಯುಯೆಲ್ ಹರ್ನ್ 1770ರ ದಶಕದ ಆರಂಭದಲ್ಲಿ ಮಟೊನಬಿ ಎಂಬ ಡೆನೆ ಮುಖಂಡನ ಬೆನ್ನು ಹಿಡಿದು ಆ ನಾಡನ್ನೆಲ್ಲ ನಡೆದಾಗ ಇದನ್ನು ಬರೆದಿಟ್ಟ.

ಡೆನೆ ಎಂದರೆ ‘ಜನ’. ಡೆನೆಸುಲಿನೆ, ಟ್ಲಿಚೊ, ಗ್ವಿಚಿನ್ ಮುಂತಾದ ಹಲವು ಜನಾಂಗಗಳು ಈ ಹೆಸರಿನಡಿ ಬರುತ್ತವೆ. ಭಾಷೆಗಳು ಬೇರೆಬೇರೆಯಾದರೂ ಒಂದೇ ಬಳ್ಳಿಯವು. ಕ್ಯಾರಿಬೂ ಕೂಡ ನಮಗೆ ಅಪರಿಚಿತವೇನಲ್ಲ, ಚಿತ್ರಗಳಲ್ಲಿ ಜಾರುಬಂಡಿ ಎಳೆಯುವ ಹಿಮಸಾರಂಗದ ಜಾತಿಯೇ ಅದು. ಆದರೆ ಉತ್ತರ ಯೂರೋಪಿನ ಸಾಮಿ ಜನರಂತೆ ಡೆನೆ ಜನ ಅದನ್ನು ಪಳಗಿಸಲಿಲ್ಲ, ಸಾಕಲಿಲ್ಲ. ಕಾಡುಪ್ರಾಣಿ ತನ್ನ ಪಾಡಿಗೆ ನಡೆಯುತ್ತದೆ. ಅದು ಎಲ್ಲಿ, ಯಾವಾಗ ಹಾಯುತ್ತದೆ ಎಂದು ತಿಳಿದು ಅಲ್ಲಿ ಹೋಗಿ ಕೂರಬೇಕು. ಡೆನೆ ಬದುಕಿನ ವ್ಯವಸ್ಥೆಯೆಲ್ಲ ಈ ಒಂದು ಕೆಲಸದ ಸುತ್ತ ಕಟ್ಟಿದ್ದು.

ಚಳಿಗಾಲದಲ್ಲಿ ಹಿಂಡು ದಕ್ಷಿಣದ ಸ್ಪ್ರೂಸ್ ಕಾಡಿನಲ್ಲಿರುತ್ತದೆ. ಗೊರಸಿನಿಂದ ಹಿಮ ಕೆದರಿ ನೆಲದ ಕಲ್ಲುಹೂವು ಮೇಯುತ್ತದೆ. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ದೂರದ ನೆಂಟ. ಇದು ಬಹಳ ನಿಧಾನವಾಗಿ ಬೆಳೆಯುತ್ತದೆ. ಒಮ್ಮೆ ಕಾಡಿಗೆ ಬೆಂಕಿ ಬಿದ್ದರೆ ಮತ್ತೆ ಮೇವಾಗಲು ದಶಕಗಳು ಬೇಕು, ಹಾಗಾಗಿ ಎಲ್ಲಿ ಎಂದು ಸುಟ್ಟಿತ್ತು ಎಂಬುದು ಬೇಟೆಗಾರನ ನೆನಪಿನಲ್ಲಿರಬೇಕು. ವಸಂತದಲ್ಲಿ ಗಬ್ಬದ ಹೆಣ್ಣುಗಳು ಮುಂದಾಗಿ ಮರವಿಲ್ಲದ ಟಂಡ್ರಾದತ್ತ ಹೊರಡುತ್ತವೆ, ಜೂನ್ ಆರಂಭದಲ್ಲಿ ಈಯುತ್ತವೆ. ಬೇಸಿಗೆ ಕಳೆದ ಮೇಲೆ ಮತ್ತೆ ಕಾಡಿನ ಕಡೆ ಪಯಣ. ಕಾಡು ಮುಗಿದು ಟಂಡ್ರಾ ಶುರುವಾಗುವ ಅಂಚನ್ನು ಹಿಂಡು ವರ್ಷಕ್ಕೆ ಎರಡು ಸಲ ದಾಟಲೇಬೇಕು, ಡೆನೆ ಬಿಡಾರಗಳು ಬಿದ್ದದ್ದೂ ಆ ಅಂಚಿನ ಆಸುಪಾಸಿನಲ್ಲೇ.

ಆದರೂ ಹಿಂಡು ಪ್ರತಿವರ್ಷ ಒಂದೇ ದಾರಿಯಲ್ಲಿ ಬರುವುದಿಲ್ಲ. ಎಲ್ಲರೂ ಒಂದೇ ಕಡೆ ಕಾದು ಅದು ಇನ್ನೊಂದು ಕಡೆ ಹಾದುಹೋದರೆ ಗತಿ ಉಪವಾಸ. ಅದಕ್ಕೆ ಡೆನೆಸುಲಿನೆ ಗುಂಪುಗಳು ಚದುರಿ ಬಿಡಾರ ಹೂಡುತ್ತಿದ್ದವು, ಯಾರಿಗೆ ಹಿಂಡು ಕಂಡರೂ ಸುದ್ದಿ ಉಳಿದವರಿಗೆ ಮುಟ್ಟುತ್ತಿತ್ತು. ಮಾಂಸ ಹಂಚಿ ತಿನ್ನುವ ಪದ್ಧತಿಯನ್ನು ಔದಾರ್ಯ ಎಂದಷ್ಟೇ ಬಣ್ಣಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ಈ ವರ್ಷ ಬೇಟೆ ಸಿಕ್ಕಿದವನು ಬರುವ ವರ್ಷ ಬರಿಗೈಯಲ್ಲಿ ಕೂತಿರಬಹುದು.

ಅತ್ಯಂತ ಭರವಸೆಯ ಜಾಗ ನೀರಿನ ಕಡವು. ಕ್ಯಾರಿಬೂವಿನ ಕೂದಲು ಒಳಗೆ ಟೊಳ್ಳು, ಹಾಗಾಗಿ ಅದು ಸಲೀಸಾಗಿ ತೇಲುತ್ತದೆ, ಚೆನ್ನಾಗಿ ಈಜುತ್ತದೆ. ಆದರೆ ನೀರಿನಲ್ಲಿ ಓಡಲಾರದು. ಬರ್ಚ್ ತೊಗಟೆಯ ಹಗುರ ದೋಣಿಯಲ್ಲಿ ಹೋಗಿ ಈಟಿಯಿಂದ ತಿವಿಯುತ್ತಿದ್ದರು. ನೆಲದ ಮೇಲೆ ಬೇಲಿ ಬೇಟೆ. ಹರ್ನ್ ಕಂಡ ಒಂದು ಬಗೆಯಲ್ಲಿ ಸುತ್ತಳತೆಯೇ ಒಂದೂವರೆ ಕಿಲೋಮೀಟರಿನಷ್ಟಿದ್ದ ಆವರಣ, ಒಳಗೆ ಗಿಡಗಂಟಿಯ ಅಡ್ಡಬೇಲಿಗಳ ಚಕ್ರವ್ಯೂಹ, ಪ್ರತಿ ಸಂದಿಯಲ್ಲೂ ಚರ್ಮದ ಮಿಣಿಯ ಉರುಳು. ಬಾಗಿಲಿನಿಂದ ಹೊರಗೆ ಮೈಲಿಗಟ್ಟಲೆ ಎರಡು ಸಾಲು ಕೋಲು ನೆಡುತ್ತಿದ್ದರು. ಹಿಂದಿನಿಂದ ಹೆಂಗಸರು ಮಕ್ಕಳು ಅಟ್ಟಿಕೊಂಡು ಬಂದರೆ, ಕೋಲುಗಳನ್ನೂ ಮನುಷ್ಯರೆಂದು ಬಗೆದು ಪ್ರಾಣಿಗಳು ನೇರ ಒಳಗೆ ನುಗ್ಗುತ್ತಿದ್ದವು.

ಇಷ್ಟೆಲ್ಲ ಶ್ರಮ ಬರೀ ಮಾಂಸಕ್ಕಲ್ಲ. ಒಬ್ಬ ವಯಸ್ಕನ ಚಳಿಗಾಲದ ಉಡುಪಿಗೆ 8ರಿಂದ 11 ಚರ್ಮ ಬೇಕು. ಇತರ ಬಳಕೆಯೂ ಸೇರಿದರೆ ತಲೆಗೆ ವರ್ಷಕ್ಕೆ 20ಕ್ಕೂ ಹೆಚ್ಚು ಎಂದು ಹರ್ನ್ ಲೆಕ್ಕ ಹಾಕಿದ್ದ, ಅದೂ ಡೇರೆಯ ಚರ್ಮವನ್ನು ಬಿಟ್ಟು. ಎಲ್ಲ ಕಾಲದ ಚರ್ಮವೂ ಬಟ್ಟೆಗೆ ಆಗುವುದಿಲ್ಲ. ಒಂದು ಜಾತಿಯ ನೊಣ ಬೇಸಿಗೆಯಲ್ಲಿ ಕೂದಲಿಗೆ ಮೊಟ್ಟೆ ಇಡುತ್ತದೆ. ಮರಿಹುಳು ಚರ್ಮದಡಿ ಹೊಕ್ಕು ಬೆನ್ನಿಗೆ ಬಂದು, ಉಸಿರಾಡಲು ತೂತು ಕೊರೆದು ಚಳಿಗಾಲವೆಲ್ಲ ಅಲ್ಲೇ ಬೆಳೆಯುತ್ತದೆ. ಆಗಿನ ಚರ್ಮ ಜರಡಿ. ತೂತುಗಳು ಮಾಗಿ, ಹೊಸ ಕೂದಲು ಇನ್ನೂ ಗಿಡ್ಡವಾಗಿರುವ ಬೇಸಿಗೆಯ ಕೊನೆಯ ತಿಂಗಳುಗಳೇ ಬಟ್ಟೆಗೆ ಸರಿಯಾದ ಕಾಲ. ಚರ್ಮ ಹೆರೆದು, ಅದೇ ಪ್ರಾಣಿಯ ಮಿದುಳು ಸವರಿ ಮೆತ್ತಗೆ ಮಾಡಿ, ಹೊಗೆ ಹಾಕುತ್ತಾರೆ. ಈ ಕೆಲಸ ಹೆಂಗಸರದು, ಬೇಟೆಗಿಂತ ಸುಲಭವೇನಲ್ಲ. ಬೆನ್ನಿನ ನರ ಹೊಲಿಗೆಯ ದಾರವಾಗುತ್ತದೆ, ಸೀಳಿದ ಮಿಣಿ ಹಿಮಪಾದುಕೆಯ ಹೆಣಿಗೆಯಾಗುತ್ತದೆ. ಮೂಳೆ ಕುದಿಸಿ ನೆಣ ತೆಗೆಯುತ್ತಾರೆ. ಒಣಗಿಸಿದ ಮಾಂಸ ಕುಟ್ಟಿ ನೆಣ ಬೆರೆಸಿದರೆ ದಾರಿಯ ಬುತ್ತಿ ಸಿದ್ಧ.

ಡೇರೆಯೂ ಕ್ಯಾರಿಬೂ ಚರ್ಮದ್ದೇ. ಅಂಥದೊಂದು, 1893ರಲ್ಲಿ ಸಂಗ್ರಹವಾದ ಟ್ಲಿಚೊ ಡೇರೆ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿತ್ತು. 1997ರಲ್ಲಿ ಅದು ತವರಿಗೆ, ಯೆಲ್ಲೋನೈಫ್ ಪಟ್ಟಣದ ಸಂಗ್ರಹಾಲಯಕ್ಕೆ ಮರಳಿತು.

ಕ್ಯಾರಿಬೂ ತಾನಾಗಿ ತನ್ನನ್ನು ಒಪ್ಪಿಸಿಕೊಳ್ಳುತ್ತದೆ ಎಂಬುದು ಡೆನೆ ನಂಬಿಕೆ. ಮರ್ಯಾದೆ ತಪ್ಪಿದರೆ ಮತ್ತೆ ಬರುವುದಿಲ್ಲ. ಕೋಲಿನಿಂದ ಹೊಡೆಯಬಾರದು, ಮಾಂಸ ಹಾಳು ಮಾಡಬಾರದು. ದೊಡ್ಡ ಕೆರೆ ದಾಟುವ ಮುನ್ನ ನೀರಿಗೆ ಚೂರು ತಂಬಾಕು ಸಲ್ಲಿಸಬೇಕು. ಹಿಂಡಿನ ಮುಂದಾಳುಗಳನ್ನು ಹಾದುಹೋಗಲು ಬಿಡಬೇಕು ಎಂಬುದು ಗ್ವಿಚಿನ್ ಹಿರಿಯರ ಮಾತು. ಮುಂದಿನವು ಸಾಗಿದರೆ ಹಿಂದಿನವು ಅದೇ ಜಾಡು ಹಿಡಿಯುತ್ತವೆ. ಇದರಲ್ಲಿ ಭಕ್ತಿ ಎಷ್ಟು, ಉಪಾಯ ಎಷ್ಟು ಎಂದು ಬೇರ್ಪಡಿಸಲು ಹೋಗುವುದು ಹೊರಗಿನವರ ಚಪಲ. ವಿಜ್ಞಾನಿಗಳು ಜಾಡು ತಿಳಿಯಲು ಕ್ಯಾರಿಬೂಗಳ ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಹೊರಟಾಗ ಹಿರಿಯರು ಆಕ್ಷೇಪಿಸಿದ್ದೂ ಇದೇ ಮರ್ಯಾದೆಯ ಹೆಸರಿನಲ್ಲಿ.

ಈಗ ಆ ಪಟ್ಟಿಗಳೇ ಬೇಟೆಯ ಗಡಿ ಬರೆಯುತ್ತಿವೆ. ಟ್ಲಿಚೊ ಜನ ನೆಚ್ಚಿಕೊಂಡಿದ್ದ ಬ್ಯಾಥರ್ಸ್ಟ್ ಹಿಂಡಿನಲ್ಲಿ 1986ರಲ್ಲಿ ಸುಮಾರು 4,70,000 ಪ್ರಾಣಿಗಳಿದ್ದವು; 2021ರ ಎಣಿಕೆಯಲ್ಲಿ ಉಳಿದದ್ದು ಸುಮಾರು 6,240. ಬೆಚ್ಚಗಾಗುತ್ತಿರುವ ಹವೆ, ಕಾಡ್ಗಿಚ್ಚು, ತೋಳ, ಬೇಟೆ, 1998ರಿಂದ ಹಿಂಡಿನ ಹಾದಿಯಲ್ಲೇ ತೆರೆದ ವಜ್ರದ ಗಣಿಗಳು ಮತ್ತು ಅವುಗಳ ರಸ್ತೆ: ಯಾವುದರ ಪಾಲು ಎಷ್ಟು ಎಂಬ ವಾದ ಮುಗಿದಿಲ್ಲ. 2010ರಲ್ಲಿ ಬೇಟೆಗೆ ಕಡಿವಾಣ ಬಿತ್ತು. 2015ರಿಂದ ರೇಡಿಯೋ ಪಟ್ಟಿ ತೊಟ್ಟ ಪ್ರಾಣಿಗಳ ಸುತ್ತ ನಿಷೇಧದ ವಲಯವಿದೆ. ಹಿಂಡು ನಡೆದಂತೆ ಗಡಿಯೂ ನಡೆಯುತ್ತದೆ.

ಟ್ಲಿಚೊ ಜನ ಮಾತ್ರ ಹಿಂಡಿನ ದಾರಿಗೆ ಹೋಗುವುದನ್ನು ಬಿಡಲಿಲ್ಲ. 2016ರಿಂದ ಬೇಸಿಗೆಯಲ್ಲಿ ಹಿರಿಯರೂ ಯುವಕರೂ ಕೊಕೆಟಿ ಎಂಬ ದೊಡ್ಡ ಕೆರೆಯ ದಡದಲ್ಲಿ ಬಿಡಾರ ಹೂಡುತ್ತಿದ್ದಾರೆ. ಮೊದಲಿನಂತೆ ಕಡವಿನ ಬಳಿ ಕಾಯುತ್ತಾರೆ, ಬೇಟೆಗಲ್ಲ. ಹಿಂಡು ಬಂದರೆ ಮರಿಗಳೆಷ್ಟು, ಕುಂಟುವವು ಎಷ್ಟು, ಮೈಯಲ್ಲಿ ಕೊಬ್ಬು ಇದೆಯೇ ಎಂದು ನೋಡಿ ಬರೆದುಕೊಳ್ಳುತ್ತಾರೆ.