ವಿನ್ಯಾಸದ ಪ್ರಥಮಾಭ್ಯಾಸವೂ ಕುಂದಾಪುರ ಸೀಮೆಯ ಕಲಾಸಾಮಗ್ರಿಯೂ

ಕಲೆ ಮತ್ತು ವಿನ್ಯಾಸದ ಪ್ರಾರಂಭಿಕ ತರಗತಿಗೆ ಬಂದು ಕುಳಿತ ವಿದ್ಯಾರ್ಥಿಗೆ ಮೊದಲು ಏನನ್ನು ಕಲಿಸಬೇಕು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಮಾದರಿಯೊಂದನ್ನು ಎದುರಿಗಿಟ್ಟು ಅದರ ಯಥಾವತ್ತಾದ ಪ್ರತಿಕೃತಿಯನ್ನು ಬರೆಯಿಸುವುದು ಹಳೆಯ ಪದ್ಧತಿ. ರೇಖೆ, ಆಕಾರ, ವರ್ಣ, ಮೇಲ್ಮೈ, ಪ್ರಮಾಣ ಎಂಬ ಮೂಲಾಂಶಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡು, ಒಂದೊಂದರ ಶಕ್ತಿಯನ್ನೂ ವಿದ್ಯಾರ್ಥಿಯು ತನ್ನ ಕೈಯಿಂದಲೇ ಪರೀಕ್ಷಿಸಿ ತಿಳಿಯುವಂತೆ ಮಾಡುವುದು ಎರಡನೆಯದು. ಈ ಎರಡನೆಯ ಪದ್ಧತಿಗೆ ವ್ಯವಸ್ಥಿತ ರೂಪ ಬಂದದ್ದು ಜರ್ಮನಿಯ ವೈಮಾರ್ ನಗರದಲ್ಲಿ. ಅಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆಯಲ್ಲಿ ಯೋಹಾನ್ನೆಸ್ ಇಟ್ಟೆನ್ ಎಂಬ ಚಿತ್ರಕಾರನು ಪೂರ್ವಾಭ್ಯಾಸದ ತರಗತಿಯನ್ನು ನಡೆಸಿದನು. ನುಣುಪಿನ ಎದುರು ಒರಟು, ಬೆಳಕಿನ ಎದುರು ಕತ್ತಲೆ, ಹಿರಿದರ ಎದುರು ಕಿರಿದು ಎಂಬ ವೈದೃಶ್ಯಗಳೇ ಆ ತರಗತಿಯ ಪಾಠಗಳಾಗಿದ್ದುವು.

ಭಾರತಕ್ಕೆ ಈ ವಿಚಾರವು ಅಪರಿಚಿತವಾಗಿ ಉಳಿಯಲಿಲ್ಲ. ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನವೊಂದು 1922ರ ಡಿಸೆಂಬರಿನಲ್ಲಿಯೇ ಕಲ್ಕತ್ತೆಯಲ್ಲಿ ಏರ್ಪಟ್ಟಿತ್ತು. ಮುಂದೆ 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರಕ್ಕೆ ಒಪ್ಪಿಸಿದ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ಉತ್ತಮ ವಿನ್ಯಾಸಕ್ಕೆ ಆ ದಂಪತಿಗಳು ಎತ್ತಿ ತೋರಿಸಿದ ನಿದರ್ಶನವು ಯಾವುದೋ ಯಂತ್ರವಲ್ಲ, ನಮ್ಮ ಮನೆಮನೆಯ ತಂಬಿಗೆ. ಅದು ಎಷ್ಟು ನೀರು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ಕೈಗೂ ಸೊಂಟಕ್ಕೂ ಹೇಗೆ ಒದಗಬೇಕು, ಅದನ್ನು ಹೇಗೆ ತೊಳೆಯಬೇಕು ಎಂಬಂಥ ಪ್ರಶ್ನೆಗಳಿಗೆ ಅನೇಕ ತಲೆಮಾರುಗಳು ಕೊಟ್ಟ ಉತ್ತರವೇ ಅದರ ಆಕಾರವೆಂಬುದು ಅವರ ವಿಚಾರದ ತಿರುಳು.

ಇಷ್ಟಾದರೂ ನಮ್ಮ ಪ್ರಾರಂಭಿಕ ತರಗತಿಗಳಲ್ಲಿ ಮೂಲಾಂಶಗಳ ಪಾಠವು ಬಹುಮಟ್ಟಿಗೆ ಹೊರನಾಡಿನ ಪುಸ್ತಕಗಳ ಚಿತ್ರಗಳನ್ನೇ ಆಶ್ರಯಿಸಿರುವುದುಂಟು. ಅದರಿಂದ ವಿದ್ಯಾರ್ಥಿಯ ಮನಸ್ಸಿನಲ್ಲಿ, ವಿನ್ಯಾಸವೆಂಬುದು ಬೇರೆಲ್ಲಿಯೋ ಇರುವ ವಸ್ತು, ತನ್ನ ಊರಿನಲ್ಲಿರುವುದು ಬರಿಯ ಆಚಾರ ಇಲ್ಲವೆ ಅಲಂಕಾರ ಎಂಬ ಭಾವನೆ ಬೇರೂರುತ್ತದೆ. ಈ ಭಾವನೆಯು ಎಷ್ಟರಮಟ್ಟಿಗೆ ನಿರಾಧಾರವೆಂಬುದನ್ನು ಉಡುಪಿ ಜಿಲ್ಲೆಯ ಉತ್ತರಭಾಗದ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸಾಮಗ್ರಿಯಿಂದಲೇ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶದ ವಿದ್ಯಾರ್ಥಿಯೊಬ್ಬನು ಮೂಲಾಂಶಗಳನ್ನು ಒಂದೊಂದಾಗಿ ಅರಸುತ್ತ ಹೊರಟರೆ ಅವನಿಗೆ ಏನು ದೊರೆಯುತ್ತದೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ರೇಖೆ. ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ಪೂರ್ವಕ್ಕೆ ಸೌಪರ್ಣಿಕಾ ನದಿಯೂ ಅಕ್ಕಪಕ್ಕದಲ್ಲಿಯೇ ಇವೆ. ನೀರು, ನೆಲ, ನೀರು ಎಂಬ ಮೂರು ಪಟ್ಟಿಗಳು, ಅವುಗಳಾಚೆ ಮೂಡಣದಲ್ಲಿ ಘಟ್ಟದ ಅಂಚು. ಇಷ್ಟನ್ನು ಐದೇ ಗೆರೆಗಳಲ್ಲಿ ಹಿಡಿಯಬೇಕೆಂದರೆ ವಿದ್ಯಾರ್ಥಿಯು ಯಾವುದನ್ನು ಬಿಡಬೇಕೆಂದು ನಿರ್ಣಯಿಸಲೇಬೇಕಾಗುತ್ತದೆ. ಗೆರೆಗಳ ನಡುವಣ ಅಂತರವು ತುಸು ಬದಲಾದರೂ ಕಡಲು ಹತ್ತಿರ ಬರುತ್ತದೆ, ಇಲ್ಲವೆ ದೂರ ಸರಿಯುತ್ತದೆ. ರೇಖೆಯು ವಸ್ತುವಿನ ಅಂಚನ್ನು ಮಾತ್ರವಲ್ಲದೆ ಅವಕಾಶವನ್ನೂ ಅಳೆಯುತ್ತದೆಂಬ ತತ್ತ್ವವು ಇಲ್ಲಿ ಮನದಟ್ಟಾಗುತ್ತದೆ.

ರೇಖೆಯ ಇನ್ನೊಂದು ಪಾಠವು ಮನೆಯ ಬಾಗಿಲಲ್ಲಿಯೇ ಇದೆ. ಸೋಣೆ ತಿಂಗಳಲ್ಲಿ, ಅಂದರೆ ಸೂರ್ಯನು ಸಿಂಹರಾಶಿಯಲ್ಲಿರುವ ಆಗಸ್ಟ್–ಸೆಪ್ಟೆಂಬರ್ ಅವಧಿಯಲ್ಲಿ, ಈ ಸೀಮೆಯ ಹೆಂಗಸರು ಹೊಸ್ತಿಲನ್ನು ತೊಳೆದು ಅದರ ಮೇಲೆ ಶೇಡಿಯಿಂದ ಬರೆದು ಪೂಜಿಸುವ ಸಂಪ್ರದಾಯವಿದೆ. ಶೇಡಿ ಎಂಬುದು ನೀರಿನಲ್ಲಿ ಕದಡಿದ ಬಿಳಿಯ ಮಣ್ಣು. ಹಸಿಯಾಗಿರುವಾಗ ಅದರ ಗೆರೆ ಮಸುಕಾಗಿ ಕಾಣುತ್ತದೆ. ನೀರು ಆರಿದ ಮೇಲೆಯೇ ಬಿಳುಪು ಹೊರಬೀಳುತ್ತದೆ. ಆದುದರಿಂದ ಬರೆಯುವವಳು ಈಗ ಕಾಣುವುದನ್ನು ನಂಬದೆ, ಮುಂದೆ ಕಾಣಲಿರುವುದನ್ನು ಊಹಿಸಿಯೇ ಬೆರಳನ್ನು ನಡೆಸಬೇಕು. ಹೊಸ್ತಿಲಿನ ಮರ ಉದ್ದಕ್ಕೆ ಇದೆ, ಅಗಲಕ್ಕೆ ಇಲ್ಲ. ಗೆರೆಯ ದಪ್ಪವೋ ಬೆರಳಿನ ದಪ್ಪ. ಇಷ್ಟು ಕಟ್ಟುಪಾಡಿನೊಳಗೆ ಒಂದೇ ಘಟಕವನ್ನು ಮರಳಿ ಮರಳಿ ಬರೆದು ಎರಡು ತುದಿಗಳಲ್ಲಿಯೂ ಸಮವಾಗಿ ಮುಗಿಸುವುದು ಸುಲಭವಲ್ಲ. ತರಗತಿಯಲ್ಲಿ ಆವರ್ತನ, ಲಯ, ಸಮಮಿತಿ ಎಂದು ಮೂರು ಹೆಸರುಗಳಿಂದ ಕಲಿಸುವ ವಿಷಯವನ್ನು ಇಲ್ಲಿ ಒಂದೇ ಕೈ ಒಮ್ಮೆಲೇ ಸಾಧಿಸುತ್ತದೆ.

ಎರಡನೆಯದು ಆಕಾರ. ಇದಕ್ಕೆ ಬಡಗುತಿಟ್ಟಿನ ಯಕ್ಷಗಾನಕ್ಕಿಂತ ಮಿಗಿಲಾದ ಪಠ್ಯವು ಈ ಪ್ರದೇಶದಲ್ಲಿಲ್ಲ. ವೇಷಧಾರಿಯ ಮುಂಡಾಸು ಸಿದ್ಧಪಡಿಸಿಟ್ಟ ಟೊಪ್ಪಿಗೆಯಲ್ಲ. ಚೌಕಿಯಲ್ಲಿ ಕುಳಿತು ತಲೆಯ ಮೇಲೆಯೇ ಬಟ್ಟೆಯನ್ನು ಸುತ್ತಿ ಸುತ್ತಿ ಕಟ್ಟಿದ ರಚನೆ. ಕೇದಗೆ ಮುಂದಲೆಯು ಹೆಸರಿಗೆ ತಕ್ಕಂತೆ ಕೇದಗೆಯ ಎಸಳನ್ನು ನೆನಪಿಗೆ ತಂದು ಎಳೆಯ ವೀರರ ತಲೆಯನ್ನು ಅಲಂಕರಿಸುತ್ತದೆ. ದೊಡ್ಡ ಮುಂಡಾಸು ಪ್ರೌಢ ವೀರರಿಗೆ ಸಲ್ಲುತ್ತದೆ. ಕಿರೀಟವು ಅರಸರಿಗೂ ರಾಕ್ಷಸರಿಗೂ ಮೀಸಲು. ಮಾತೊಂದೂ ಹೊರಡುವ ಮುನ್ನವೇ, ಮುಖವೂ ಸ್ಪಷ್ಟವಾಗಿ ಕಾಣದಷ್ಟು ದೂರದಲ್ಲಿ ಕುಳಿತವನಿಗೂ, ಬಂದವನು ಎಂಥವನೆಂಬುದು ಹೊರರೇಖೆಯಿಂದಲೇ ತಿಳಿಯುತ್ತದೆ. ಭುಜಕೀರ್ತಿ, ಎದೆಕಟ್ಟು, ತೋಳ್ಕಟ್ಟುಗಳು ದೇಹದ ಅಗಲವನ್ನು ಹೆಚ್ಚಿಸುತ್ತವೆ. ಅವನ್ನು ಹಗುರವಾದ ಮರದಿಂದ ಕೆತ್ತಿ ಬೇಗಡೆಯನ್ನು ಹೊದಿಸಿರುವುದರ ಕಾರಣವನ್ನು ತಿಳಿಯಬೇಕಾದರೆ, ಅವನ್ನು ಕಟ್ಟಿಕೊಂಡು ಕುಣಿಯುವವನ ಶ್ರಮವನ್ನು ನೆನೆದರೆ ಸಾಕು. ನೋಟಕ್ಕೆ ಭಾರ, ತೂಕಕ್ಕೆ ಹಗುರ ಎಂಬ ಈ ವಿರೋಧದ ಪರಿಹಾರವೇ ವಿನ್ಯಾಸ. ಸೊಂಟದಿಂದ ಕೆಳಗೆ ಉಟ್ಟ ಚೌಕುಳಿ ಸೀರೆಯ ಕಸೆಯೂ ಬರಿಯ ಅಂದಕ್ಕಾಗಿ ಇರುವುದಲ್ಲ. ಚೌಕಗಳು ಕಾಲಿನ ಚಲನೆಯೊಡನೆ ಮುರಿದು ಕೂಡುವುದರಿಂದ ಹೆಜ್ಜೆಯು ದೂರಕ್ಕೂ ಎದ್ದು ಕಾಣುತ್ತದೆ.

ಮೂರನೆಯದಾದ ವರ್ಣವನ್ನು ಬೆಳಕಿನಿಂದ ಬೇರ್ಪಡಿಸಿ ವಿಚಾರಿಸುವಂತಿಲ್ಲ. ಬಯಲಾಟವು ಹಿಂದೆ ಎಣ್ಣೆಯ ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿತ್ತು, ಅನಂತರ ಗ್ಯಾಸ್‌ಲೈಟು ಬಂತು, ಆಮೇಲೆ ವಿದ್ಯುದ್ದೀಪ. ಭೌತಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಎಣ್ಣೆಯ ಜ್ವಾಲೆಯ ವರ್ಣತಾಪವು ಸುಮಾರು 1900 ಕೆಲ್ವಿನ್, ನಡುಹಗಲಿನ ಬಿಸಿಲಿನದು ಸುಮಾರು 5500 ಕೆಲ್ವಿನ್. ಜ್ವಾಲೆಯ ಬೆಳಕಿನಲ್ಲಿ ಕೆಂಪು ಮತ್ತು ಹಳದಿಯ ಅಂಶ ಅಧಿಕ, ನೀಲಿಯ ಅಂಶ ಅತ್ಯಲ್ಪ. ಅಂಥ ಬೆಳಕಿನಲ್ಲಿ ಕೆಂಪೂ ಹಳದಿಯೂ ಉಜ್ವಲವಾಗುತ್ತವೆ. ನೀಲಿಯು ಮಂಕಾಗಿ ಕಪ್ಪಿನ ಸಮೀಪಕ್ಕೆ ಸರಿಯುತ್ತದೆ. ಬೇಗಡೆಯೂ ಕನ್ನಡಿಯ ಚೂರುಗಳೂ ಅಲುಗುವ ಜ್ವಾಲೆಯನ್ನು ನೂರಾಗಿ ಒಡೆದು ತೋರಿಸುತ್ತವೆ. ಕೆಂಪು, ಕಪ್ಪು, ಹಳದಿ, ಹೊನ್ನು ಎಂಬ ಯಕ್ಷಗಾನದ ವರ್ಣಕ್ರಮವು ಈ ಬೆಳಕಿಗೆ ಎಷ್ಟು ಹೊಂದುತ್ತದೆಂಬುದು ಸ್ವತಃಸಿದ್ಧ. ಬೆಳಕೊಂದೇ ಇದಕ್ಕೆ ಕಾರಣವೆಂದು ಸಾಧಿಸುವುದು ಉಚಿತವಲ್ಲ. ಪಾತ್ರದ ಸ್ವಭಾವ, ಸಂಪ್ರದಾಯ, ದೊರೆಯುತ್ತಿದ್ದ ದ್ರವ್ಯ ಇವುಗಳ ಪಾಲೂ ಅದರಲ್ಲಿದೆ. ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ಬಳಸುತ್ತಿದ್ದರು. ರಾಕ್ಷಸ ವೇಷದ ಮುಖದ ಮೇಲಿನ ಚುಟ್ಟಿಗೆ ಅಕ್ಕಿಹಿಟ್ಟನ್ನೂ ಸುಣ್ಣವನ್ನೂ ಕಲಸುವ ರೂಢಿಯಿದೆ. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುವುದರಿಂದ ಇವೆರಡನ್ನೂ ತರಗತಿಯ ಪ್ರಯೋಗಕ್ಕೆ ತೆಗೆದುಕೊಳ್ಳಬಾರದೆಂದು ಅಧ್ಯಾಪಕರು ಮೊದಲೇ ಎಚ್ಚರಿಸತಕ್ಕದ್ದು.

ಪ್ರಯೋಗಕ್ಕೆ ಬಟ್ಟೆಯ ತುಂಡುಗಳೇ ಸಾಕು. ಕೆಂಪು, ಹಳದಿ, ಹಸುರು, ನೀಲಿ, ಕಪ್ಪು, ಬಿಳಿ ಎಂಬ ಆರು ತುಂಡುಗಳನ್ನು ಎಣ್ಣೆದೀಪದ ಬೆಳಕಿನಲ್ಲಿ ನೋಡಿ, ಅತ್ಯಂತ ಉಜ್ವಲವಾದುದರಿಂದ ಅತ್ಯಂತ ಮಂಕಾದುದರವರೆಗೆ ಸಾಲಾಗಿ ಜೋಡಿಸಬೇಕು. ಅನಂತರ ಬಿಳಿಯ ಎಲ್‌ಇಡಿ ದೀಪದ ಕೆಳಗೆ ಇದನ್ನೇ ಮಾಡಬೇಕು. ಎರಡು ಸಾಲುಗಳನ್ನೂ ಹೋಲಿಸಿದ ವಿದ್ಯಾರ್ಥಿಗೆ, ವರ್ಣವು ವಸ್ತುವಿನ ಸ್ವತ್ತಲ್ಲ, ವಸ್ತು ಮತ್ತು ಬೆಳಕುಗಳ ಸಂಬಂಧವೆಂಬುದು ಪುಸ್ತಕದ ಸಹಾಯವಿಲ್ಲದೆಯೇ ವಿದಿತವಾಗುತ್ತದೆ.

ನಾಲ್ಕನೆಯದು ಪ್ರಮಾಣ. ಕುಂದಾಪುರದ ಬಳಿ ನೀರಿನಿಂದ ಸುತ್ತುವರಿದ ಉಪ್ಪಿನಕುದ್ರು ಎಂಬ ಊರಿದೆ. ಅಲ್ಲಿನ ಕಾಮತ ಮನೆತನದ ಸೂತ್ರದ ಗೊಂಬೆಯಾಟವು ಪ್ರಸಿದ್ಧವಾದುದು; ಆ ಮನೆತನದ ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಈ ಗೊಂಬೆಗಳು ತೊಡುವುದು ಬಡಗುತಿಟ್ಟಿನ ವೇಷವನ್ನೇ. ಆದರೆ ವೇಷಧಾರಿಯ ಎತ್ತರ ಸುಮಾರು ಐದೂವರೆ ಅಡಿಯಾದರೆ ಗೊಂಬೆಯದು ಸುಮಾರು ಒಂದೂವರೆ ಅಡಿ. ಲೆಕ್ಕ ಹಾಕಿದರೆ, 20 ಅಡಿ ದೂರದಲ್ಲಿರುವ ಗೊಂಬೆಯು ಕಣ್ಣಿಗೆ 73 ಅಡಿ ದೂರದಲ್ಲಿರುವ ಮನುಷ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಮುಂಡಾಸಿನ ಪ್ರತಿಯೊಂದು ಸುತ್ತನ್ನೂ ಪ್ರತಿಯೊಂದು ಕನ್ನಡಿ ಚೂರನ್ನೂ ಅದೇ ಅನುಪಾತದಲ್ಲಿ ಕಿರಿದುಗೊಳಿಸಿದರೆ ಅಷ್ಟೂ ಕಲಸಿ ಹೋಗುತ್ತದೆ. ಯಾವ ಗೆರೆಯನ್ನು ಉಳಿಸಬೇಕು, ಯಾವುದನ್ನು ದಪ್ಪಗೊಳಿಸಬೇಕು, ಯಾವುದನ್ನು ಕೈಬಿಟ್ಟರೂ ಕರ್ಣನು ಕರ್ಣನಾಗಿಯೇ ಉಳಿಯುತ್ತಾನೆ ಎಂಬುದೇ ಇಲ್ಲಿಯ ಸಮಸ್ಯೆ. ಮೇಲಾಗಿ ಗೊಂಬೆಯ ಮುಖದಲ್ಲಿ ಭಾವವು ಬದಲಾಗದು. ಕಣ್ಣು ಹುಬ್ಬುಗಳು ಮಾಡುವ ಕೆಲಸವನ್ನು ತಲೆಯ ಓಲಾಟವೂ ಕೈಯ ಬೀಸೂ ಮಾಡಬೇಕು. ಒಂದೇ ವೇಷದ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ರೇಖಾಚಿತ್ರ ಬರೆಯುವ ಅಭ್ಯಾಸದಿಂದ, ಚಿಕ್ಕದು ಮಾಡುವುದೆಂದರೆ ಕುಗ್ಗಿಸುವುದಲ್ಲ, ಆಯುವುದು ಎಂಬ ಪಾಠವು ದೊರೆಯುತ್ತದೆ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. ಇದೆಲ್ಲವೂ ಜಾನಪದ ಸಂಗ್ರಹವಾಯಿತಲ್ಲದೆ ವಿನ್ಯಾಸದ ಶಿಕ್ಷಣ ಹೇಗಾದೀತು ಎಂದು ಕೇಳಬಹುದು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ, ಏಕೆಂದರೆ ಅಪಾಯವು ನಿಜವಾಗಿಯೂ ಇದೆ. ಯಕ್ಷಗಾನದ ಮುಖವೊಂದನ್ನು ಕರಪತ್ರದ ಮೇಲೂ ಅಂಗಡಿಯ ಫಲಕದ ಮೇಲೂ ಅಂಟಿಸಿದೊಡನೆ ಅದು ನಮ್ಮ ನಾಡಿನ ವಿನ್ಯಾಸವಾಯಿತೆಂದು ಬಗೆಯುವುದು ಪ್ರತಿಕೃತಿಯ ಹಳೆಯ ಪದ್ಧತಿಯೇ ಹೊಸ ವೇಷ ತೊಟ್ಟು ಬಂದಂತೆ. ವಿದ್ಯಾರ್ಥಿಯು ಕೊಂಡೊಯ್ಯಬೇಕಾದುದು ಆಕಾರವನ್ನಲ್ಲ, ಆಕಾರದ ಹಿಂದಿರುವ ಕಾರಣವನ್ನು.

ಈ ಭೇದವು ಬರಿಯ ತರ್ಕದ್ದಲ್ಲ. ಬಯಲಾಟದ ಬೆಳಕು ಬದಲಾಗಿದೆ. ದೀವಟಿಗೆಗೆ ಹೊಂದಿದ್ದ ಬೇಗಡೆಯು ಪ್ರಖರವಾದ ವಿದ್ಯುದ್ದೀಪದಲ್ಲಿ ಕಣ್ಣು ಕುಕ್ಕಬಹುದು. ದೂರಕ್ಕೆಂದು ಬರೆದ ಮುಖವರ್ಣಿಕೆಯು ಹತ್ತಿರದ ಛಾಯಾಗ್ರಾಹಕ ಯಂತ್ರಕ್ಕೆ ಒರಟಾಗಿ ಕಾಣಬಹುದು. ಆಗ ವೇಷವನ್ನು ಬದಲಿಸಬೇಕೆ, ಬೆಳಕನ್ನು ತಗ್ಗಿಸಬೇಕೆ, ಅಥವಾ ಎರಡನ್ನೂ ತಿದ್ದಬೇಕೆ? ಇಂಥ ನಿರ್ಣಯಗಳನ್ನು ಮೇಳದವರೂ ವೇಷಭೂಷಣ ತಯಾರಿಸುವವರೂ ಪ್ರತಿವರ್ಷವೂ ಮಾಡುತ್ತಲೇ ಇರುತ್ತಾರೆ. ಕಾರಣವನ್ನು ಬಲ್ಲವರು ಮಾಡಿದ ಬದಲಾವಣೆಯಿಂದ ಕಲೆಯು ಬೆಳೆಯುತ್ತದೆ. ಕಾರಣವನ್ನರಿಯದೆ ಮಾಡಿದ ಬದಲಾವಣೆಯಿಂದ ಏನು ಹೋಯಿತೆಂಬುದೂ ತಿಳಿಯದಂತೆ ಹೋಗುತ್ತದೆ. ಪ್ರಾರಂಭಿಕ ತರಗತಿಯಲ್ಲಿ ಬಟ್ಟೆಯ ಆರು ತುಂಡುಗಳನ್ನು ಎರಡು ಬೆಳಕುಗಳಲ್ಲಿ ನೋಡಿದವನು ಈ ಚರ್ಚೆಯಲ್ಲಿ ಕುರುಡನಾಗಿರಲಾರನು.

ನಮ್ಮ ಹಿರಿಯರ ಕಲಾಜೀವನವೂ ಇದಕ್ಕೆ ಸಾಕ್ಷಿ ನೀಡುತ್ತದೆ. ಉಡುಪಿಗೆ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಪದ್ಧತಿಯ ಶಿಕ್ಷಣವನ್ನು 1938ರಲ್ಲಿ ಮುಗಿಸಿದರು. 1949–50ರಲ್ಲಿ ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದರು. ಆದರೂ ಅವರ ಕೀರ್ತಿಯು ವಿಶೇಷವಾಗಿ ನಿಂತಿರುವುದು ನರ್ತಕರನ್ನೂ ಗಾಯಕರನ್ನೂ ಕೆಲವೇ ಗೆರೆಗಳಲ್ಲಿ ಹಿಡಿದ ರೇಖಾಚಿತ್ರಗಳ ಮೇಲೆ. ಇತ್ತ ಬ್ರಹ್ಮಾವರ ಸೀಮೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನವನ್ನು ಶಾಸ್ತ್ರೀಯ ಅಧ್ಯಯನಕ್ಕೆ ಒಳಪಡಿಸಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರು ಸಂಪ್ರದಾಯವನ್ನು ಅಭ್ಯಸಿಸಿದ ಮೇಲೆಯೇ ಅದರಲ್ಲಿ ಪ್ರಯೋಗಕ್ಕೆ ಕೈಹಾಕಿದರೆಂಬುದು ವಿದ್ಯಾರ್ಥಿಗಳು ಗಮನಿಸತಕ್ಕ ಅಂಶ.

ಕಾಲೇಜಿನ ಅಧ್ಯಾಪಕರು ಈ ಕ್ರಮವನ್ನು ಅನುಸರಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಹೊಸ್ತಿಲಿಗೊಂದು, ಮುಂಡಾಸಿಗೊಂದು, ಬೆಳಕಿಗೊಂದು, ಗೊಂಬೆಗೊಂದು, ಹೀಗೆ ನಾಲ್ಕು ಅಭ್ಯಾಸಗಳು ಒಂದು ಅವಧಿಗೆ ಸಾಲುತ್ತವೆ. ಪ್ರತಿಯೊಂದು ಚಿತ್ರದ ಕೆಳಗೂ ವಿದ್ಯಾರ್ಥಿಯು ಒಂದು ವಾಕ್ಯವನ್ನು ಬರೆಯಬೇಕು: ಈ ವಸ್ತು ಈ ಆಕಾರದಲ್ಲಿಯೇ ಏಕೆ ಇದೆ? ಉತ್ತರಕ್ಕಾಗಿ ಅವನು ಶೇಡಿ ಬರೆಯುವ ಅಜ್ಜಿಯನ್ನೋ ಚೌಕಿಯಲ್ಲಿ ಮುಂಡಾಸು ಕಟ್ಟುವ ಹಿರಿಯರನ್ನೋ ಕೇಳಬೇಕಾದೀತು. ಅವರನ್ನೂ ಗುರುಗಳೆಂದು ಒಪ್ಪಿಕೊಳ್ಳುವ ತರಗತಿಯಲ್ಲಿ ವಿನ್ಯಾಸದ ಶಿಕ್ಷಣವು ಈ ನೆಲದಲ್ಲಿ ಬೇರು ಬಿಡುವುದರಲ್ಲಿ ಸಂದೇಹವಿಲ್ಲ.