ಲೆಕ್ಕದಲ್ಲಿ ಏಕಮಾನದ ಸ್ಥಾನ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನಿಗೆ ಮನೆಯಲ್ಲಿ ಬಿಡಿಸಿ ತರಲು ನಾವು ಈ ಪ್ರಶ್ನೆಯನ್ನು ಕೊಡೋಣ: ‘೧೦ ಗ್ರಾಂ ಜಲಜನಕವು ಪೂರ್ಣವಾಗಿ ಉರಿದು ನೀರಾಗಲು ಎಷ್ಟು ಗ್ರಾಂ ಆಮ್ಲಜನಕ ಬೇಕು?’ ನೀರಿನ ಸಮೀಕರಣವನ್ನು ಅವನು ಬಲ್ಲನು. ಜಲಜನಕ ಎರಡು, ಆಮ್ಲಜನಕ ಒಂದು. ಆದುದರಿಂದ ೧೦ಕ್ಕೆ ೫ ಎಂದು ಬರೆದು ಪುಸ್ತಕವನ್ನು ಮಡಿಸಿಡುತ್ತಾನೆ. ಸರಿಯಾದ ಉತ್ತರ ೮೦ ಗ್ರಾಂ. ಅವನ ಭಾಗಾಕಾರದಲ್ಲಿ ದೋಷವಿಲ್ಲ. ಎರಡು, ಒಂದು ಎಂಬ ಅಂಕಿಗಳು ಯಾವುದರ ಎಣಿಕೆ ಎಂಬುದನ್ನು ಅವನು ಕೇಳಿಕೊಳ್ಳಲಿಲ್ಲ, ಅಷ್ಟೆ.

ಸಮೀಕರಣದ ಈ ಅಂಕಿಗಳು ತೂಕವನ್ನು ಹೇಳುವುದಿಲ್ಲ. ಅಣುಗಳ ಸಂಖ್ಯೆಯನ್ನು ಹೇಳುತ್ತವೆ. ಒಂದು ಡಜನ್ ನಿಂಬೆಹಣ್ಣೂ ಒಂದು ಡಜನ್ ತೆಂಗಿನಕಾಯಿಯೂ ಎಣಿಕೆಯಲ್ಲಿ ಸಮವಾದರೂ ಹೊರುವವನ ತಲೆಗೆ ಸಮವಲ್ಲ. ರಸಾಯನಶಾಸ್ತ್ರದ ‘ಡಜನ್’ಗೆ ಮೋಲ್ ಎಂದು ಹೆಸರು. ಸುಮಾರು ೬.೦೨೨ನ್ನು ೧೦ರ ೨೩ನೆಯ ಘಾತದಿಂದ ಗುಣಿಸಿದಷ್ಟು ಅಣುಗಳು ಸೇರಿದರೆ ಒಂದು ಮೋಲ್. ಇಷ್ಟು ಸಂಖ್ಯೆಯ ಜಲಜನಕದ ಅಣುಗಳು ಸ್ಥೂಲವಾಗಿ ೨ ಗ್ರಾಂ ತೂಗುತ್ತವೆ. ಅಷ್ಟೇ ಸಂಖ್ಯೆಯ ಆಮ್ಲಜನಕದ ಅಣುಗಳಾದರೋ ೩೨ ಗ್ರಾಂ. ಈಗ ಲೆಕ್ಕವನ್ನು ಮತ್ತೆ ಮಾಡೋಣ. ೧೦ ಗ್ರಾಂ ಜಲಜನಕವೆಂದರೆ ೫ ಮೋಲ್. ಎರಡು ಮೋಲಿಗೆ ಒಂದರಂತೆ ಬೇಕಾಗುವ ಆಮ್ಲಜನಕ ೨.೫ ಮೋಲ್. ಮೋಲಿಗೆ ೩೨ ಗ್ರಾಂನಂತೆ ಅದರ ತೂಕ ೮೦ ಗ್ರಾಂ. ಹುಟ್ಟುವ ನೀರು ೫ ಮೋಲ್. ಮೋಲಿಗೆ ೧೮ ಗ್ರಾಂನಂತೆ ೯೦ ಗ್ರಾಂ. ಸೇರಿದ ಎರಡು ವಸ್ತುಗಳ ಮೊತ್ತವೂ ಅಷ್ಟೇ ಆಗಿರುವುದರಿಂದ ಉತ್ತರವನ್ನು ನಂಬಬಹುದು.

ಅಂಕಿಯ ಪಕ್ಕದಲ್ಲಿ ಏಕಮಾನವನ್ನು ಬರೆಯಿರೆಂದು ಉಪಾಧ್ಯಾಯರು ಹೇಳಿದಾಗ ಅದನ್ನು ಬರವಣಿಗೆಯ ಅಂದಕ್ಕೆ ಸಂಬಂಧಿಸಿದ ಮಾತೆಂದು ಭಾವಿಸುವವರೇ ಹೆಚ್ಚು ಎಂದು ನಮಗೆ ತೋರುತ್ತದೆ. ನಮ್ಮ ಹಿರಿಯರು ಹಾಗೆ ಭಾವಿಸುವಂತಿರಲಿಲ್ಲ. ೧೯೫೬ರ ಕಾಯಿದೆಯ ಮೇರೆಗೆ ಮೆಟ್ರಿಕ್ ಪದ್ಧತಿ ಬರುವ ಮುನ್ನ ಸಂತೆಯಲ್ಲಿ ‘ಎರಡು ಸೇರು’ ಎಂದರೆ ಸಾಲದಾಗಿತ್ತು. ಅಳತೆಯ ಸೇರೋ, ತೂಕದ ಸೇರೋ, ತೂಕದ್ದಾದರೆ ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ತಿಳಿದ ಮೇಲೆಯೇ ಚೀಲವನ್ನು ಬಿಚ್ಚಬೇಕಾಗಿತ್ತು.

ಹಳೆಯ ಮಾನವನ್ನು ಬಿಟ್ಟು ಹೊಸದನ್ನು ಹಿಡಿಯುವ ಸಂಧಿಕಾಲದಲ್ಲಿ ಈ ಎಚ್ಚರ ತಪ್ಪಿದರೆ ಏನಾಗಬಹುದೆಂಬುದಕ್ಕೆ ಕೆನಡಾ ದೇಶದ ಒಂದು ಘಟನೆ ಸಾಕ್ಷಿಯಾಗಿದೆ. ಅಲ್ಲಿ ಪೌಂಡಿನಿಂದ ಕಿಲೋಗ್ರಾಂಗೆ ಬದಲಾವಣೆ ನಡೆಯುತ್ತಿದ್ದ ಕಾಲ. ೧೯೮೩ರ ಜುಲೈ ೨೩ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ ೭೬೭ ವಿಮಾನವೊಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಡಲಿದ್ದಿತು. ಇಂಧನವನ್ನು ತೋರಿಸುವ ಮಾಪಕ ಕೆಟ್ಟಿದ್ದುದರಿಂದ ತೊಟ್ಟಿಗಳನ್ನು ಅಳತೆಯ ಕಡ್ಡಿಗಳಿಂದ ಅಳೆದರು. ಇದ್ದುದು ೭,೬೮೨ ಲೀಟರ್. ಪ್ರಯಾಣಕ್ಕೆ ಬೇಕಾದುದು ೨೨,೩೦೦ ಕಿಲೋಗ್ರಾಂ. ಇನ್ನೆಷ್ಟು ಲೀಟರ್ ತುಂಬಬೇಕು? ಸಾಂದ್ರತೆಯ ಪಾಠದ ಕೊನೆಯಲ್ಲಿ ಬರುವ ಅಭ್ಯಾಸಗಳಿಗಿಂತ ಇದು ಕಠಿಣವಾದುದಲ್ಲ.

ಲೆಕ್ಕ ಹಾಕಿದವರು ೧.೭೭ ಎಂಬ ಅಂಕಿಯನ್ನು ತೆಗೆದುಕೊಂಡರು. ೭,೬೮೨ನ್ನು ಇದರಿಂದ ಗುಣಿಸಿದಾಗ ೧೩,೫೯೭ ಬಂದಿತು. ಅದನ್ನು ೨೨,೩೦೦ರಿಂದ ಕಳೆದಾಗ ಉಳಿದದ್ದು ೮,೭೦೩. ಇದನ್ನು ೧.೭೭ರಿಂದ ಭಾಗಿಸಿದರೆ ೪,೯೧೭ ಲೀಟರ್. ಅಷ್ಟನ್ನೇ ತುಂಬಿಸಿದರು. ಆದರೆ ೧.೭೭ ಎಂಬುದು ಒಂದು ಲೀಟರ್ ಇಂಧನದ ತೂಕ ಪೌಂಡುಗಳಲ್ಲಿ! ಆದುದರಿಂದ ೧೩,೫೯೭ ಸಹ ಪೌಂಡೇ. ಕಿಲೋಗ್ರಾಂನಿಂದ ಪೌಂಡನ್ನು ನೇರವಾಗಿ ಕಳೆಯಲು ಬಾರದು. ಅಂಕಿಗಳ ಮುಂದೆ ಅವುಗಳ ಏಕಮಾನಗಳಿದ್ದಿದ್ದರೆ ಆ ಹಂತದಲ್ಲಿಯೇ ಲೇಖನಿ ನಿಲ್ಲುತ್ತಿತ್ತು.

ಆ ಇಂಧನದ ಸಾಂದ್ರತೆ ಲೀಟರಿಗೆ ೦.೮೦೩ ಕಿಲೋಗ್ರಾಂ. ‘ಲೀಟರ್’ಗಳನ್ನು ‘ಲೀಟರಿಗೆ ಇಷ್ಟು ಕಿಲೋಗ್ರಾಂ’ ಎಂಬುದರಿಂದ ಗುಣಿಸಿದಾಗ ಲೀಟರ್ ಹೊಡೆದುಹೋಗಿ ಕಿಲೋಗ್ರಾಂ ಮಾತ್ರ ಉಳಿಯುತ್ತದೆ. ಗುಣಿಸಬೇಕೋ ಭಾಗಿಸಬೇಕೋ ಎಂದು ತಡವರಿಸುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ದಾರಿದೀಪವಿಲ್ಲ. ಹೀಗೆ ನೋಡಿದರೆ ತೊಟ್ಟಿಯಲ್ಲಿದ್ದುದು ೬,೧೬೯ ಕಿಲೋಗ್ರಾಂ. ಕೊರತೆ ೧೬,೧೩೧ ಕಿಲೋಗ್ರಾಂ. ಇದನ್ನು ೦.೮೦೩ರಿಂದ ಭಾಗಿಸಿದಾಗ ತುಂಬಬೇಕಾಗಿದ್ದುದು ೨೦,೦೮೮ ಲೀಟರ್ ಎಂದಾಗುತ್ತದೆ. ತುಂಬಿದ್ದು ಅದರ ಕಾಲುಭಾಗಕ್ಕೂ ಕಡಿಮೆ.

ಒಟ್ಟಾವಾದಲ್ಲಿ ಮತ್ತೊಮ್ಮೆ ಕಡ್ಡಿಯಿಂದ ಅಳೆದರು. ಗುಣಿಸಿದ್ದು ಮಾತ್ರ ಅದೇ ೧.೭೭ರಿಂದ. ೪೧,೦೦೦ ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನದ ಒತ್ತಡ ಕುಸಿದ ಎಚ್ಚರಿಕೆ ಕೇಳಿಸಿತು; ಬಳಿಕ ಎರಡು ಯಂತ್ರಗಳೂ ಒಂದರ ಹಿಂದೊಂದು ನಿಂತುಹೋದವು. ಕಪ್ತಾನ ರಾಬರ್ಟ್ ಪಿಯರ್ಸನ್‌ರಿಗೆ ಯಂತ್ರವಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿದ್ದಿತು. ಆ ಭಾರಿ ವಿಮಾನವನ್ನು ಅವರು ಹದ್ದಿನಂತೆ ತೇಲಿಸುತ್ತಲೇ ಇಳಿಸಿ, ಗಿಮ್ಲಿ ಎಂಬ ಊರಿನಲ್ಲಿ ವಾಯುಪಡೆಯು ಬಿಟ್ಟುಹೋಗಿದ್ದ ಓಡುದಾರಿಗೆ ಮುಟ್ಟಿಸಿದರು. ಅಂದು ಅಲ್ಲಿ ಮೋಟಾರು ಪಂದ್ಯಗಳು ಏರ್ಪಟ್ಟಿದ್ದವು. ವಿಮಾನದಲ್ಲಿದ್ದ ೬೯ ಜನರೂ ಬದುಕಿ ಕೆಳಗಿಳಿದರು.