ನಲ್ಲಿಯೊಳಗಣ ಬಿಲ್ಲೆ

ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯು ಶಿವನಸಮುದ್ರದ ಬಳಿ ಎರಡಾಗಿ ಸೀಳಿ, ಗಗನಚುಕ್ಕಿ ಭರಚುಕ್ಕಿಗಳೆಂದು ಧುಮುಕಿ, 1902ರಿಂದ ವಿದ್ಯುಚ್ಛಕ್ತಿಯನ್ನೂ ದಯಪಾಲಿಸುತ್ತಿರುವಳಾದರೂ, ಅಲ್ಲಿಂದ ಆಗ್ನೇಯಕ್ಕೆ ಹನೂರಿನತ್ತ ಸಾಗಿದಂತೆಲ್ಲ ನೆಲವು ಮಳೆನೆರಳಿನ ಒಣಸೀಮೆಯಾಗಿ ಕೊಳವೆಬಾವಿಯನ್ನೇ ನೆಚ್ಚಿಕೊಳ್ಳುತ್ತದೆ. ಯಳಂದೂರಿನ ಮಗ್ಗುಲಲ್ಲಿ ಹರಿಯುವ ಸುವರ್ಣಾವತಿಯೂ ಬೇಸಗೆಯಲ್ಲಿ ಕೃಶಳಾಗುವಳು. ಇಂಥ ನಾಡಿನಲ್ಲಿ ನೀರಿನ ಮಿತವ್ಯಯವನ್ನು ಕುರಿತು ಹೇಳಬೇಕಾದುದು ಬಹಳವಿದ್ದರೂ, ಮನೆಮನೆಯಲ್ಲಿದ್ದೂ ಯಾರೂ ಬಿಚ್ಚಿ ನೋಡದ ನಲ್ಲಿಯಿಂದಲೇ ಆರಂಭಿಸುವುದು ಉಚಿತವೆಂದು ನನ್ನ ಭಾವನೆ.

ತಿರುಪಿನ ನಲ್ಲಿಯನ್ನು 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮಿನ ಗೆಸ್ಟ್ ಮತ್ತು ಕ್ರೈಮ್ಸ್ ಎಂಬ ಹಿತ್ತಾಳೆ ಎರಕದವರು ಸ್ವಾಮ್ಯಪತ್ರ ಪಡೆದು ತಯಾರಿಸಿದರು. ಇಂದಿಗೂ ಅದರ ತತ್ತ್ವ ಬದಲಾಗಿಲ್ಲ. ಹಿಡಿಯನ್ನು ತಿರುಗಿಸಿದಾಗ ತಿರುಪಿನ ಕಂಬ ಕೆಳಗಿಳಿದು, ತನ್ನ ತುದಿಯಲ್ಲಿರುವ ರಬ್ಬರಿನ ಪುಟ್ಟ ಬಿಲ್ಲೆಯನ್ನು, ಅರ್ಥಾತ್ ವಾಷರನ್ನು, ನೀರು ಬರುವ ರಂಧ್ರದ ಸುತ್ತಲಣ ಲೋಹದ ಪೀಠದ ಮೇಲೆ ಒತ್ತುತ್ತದೆ. ರಬ್ಬರು ಮೆದುವಾದ್ದರಿಂದ ಪೀಠದ ಸಣ್ಣಪುಟ್ಟ ಒರಟುತನಕ್ಕೆಲ್ಲ ತಾನು ಹೊಂದಿಕೊಂಡು ಸಂದನ್ನು ಮುಚ್ಚುತ್ತದೆ. ಮೊದಮೊದಲು ಈ ಬಿಲ್ಲೆ ತೊಗಲಿನದಾಗಿತ್ತು.

ತೊಟ್ಟಿಯ ಹೂಳಿನಲ್ಲಿನ ಮರಳಕಣ ಬಿಲ್ಲೆಗೂ ಪೀಠಕ್ಕೂ ನಡುವೆ ಸಿಕ್ಕಿಕೊಂಡಾಗ, ಅಥವಾ ಗಡಸುನೀರಿನ ಸುಣ್ಣ ಪೀಠದ ಮೇಲೆ ಹೆಪ್ಪುಗಟ್ಟಿದಾಗ, ಹನಿ ಜಿನುಗತೊಡಗುತ್ತದೆ; ಆಗ ನಾವು ಮಾಡುವುದೇನೆಂದರೆ ಶಕ್ತಿಮೀರಿ ಬಿಗಿಯುವುದು, ಅದರಿಂದ ಪೀಠದ ಅಂಚು ರಬ್ಬರಿನಲ್ಲಿ ಉಂಗುರದಂಥ ಕೊರಕಲನ್ನು ಕೆತ್ತಿ, ಮರುದಿನ ಇನ್ನಷ್ಟು ಬಿಗಿಯಬೇಕಾಗುವುದು. ಬಿಗಿಹಿಡಿತವೇ ಸೋರಿಕೆಗೆ ಕಾರಣವಾಗುವುದನ್ನು ಕಂಡು ನನಗೆ ನಿಜವಾಗಿ ವ್ಯಸನವಾಗುತ್ತದೆ.

ನಲ್ಲಿಯ ಬಾಯಿಯಲ್ಲಿ ನೀರು ಮೊದಲು ಪೊರೆಯಂತೆ ಮೂಡಿ, ಉಬ್ಬಿ, ಮೇಲ್ಮೈ ಎಳೆತದ ಬಲ ತನ್ನ ಭಾರವನ್ನು ತಾಳುವಷ್ಟು ಕಾಲ ಜೋತುಬಿದ್ದು, ಕಡೆಗೆ ಕುತ್ತಿಗೆ ಸಪುರವಾಗಿ ಕಡಿದು ಬೀಳುತ್ತದೆ. ಔಷಧದ ಅಳತೆಯಂತೆ 20 ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ, ಎಂದರೆ 4.3 ಲೀಟರು, ವರುಷಕ್ಕೆ ಸುಮಾರು 1,577 ಲೀಟರು. ನಲ್ಲಿಯ ಹನಿ ಇದಕ್ಕಿಂತ ದೊಡ್ಡದಿರುವುದರಿಂದ ಲೆಕ್ಕ ಕಡಮೆಯದೇ ಸರಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣನೊಬ್ಬನಿಗೆ ದಿನಕ್ಕೆ ವಿಧಿಸಿರುವುದು 55 ಲೀಟರು. ಆ ಪ್ರಮಾಣದಲ್ಲಿ ಹನೂರಿನ ಕಡೆಯ ಒಬ್ಬ ರೈತನ 28 ದಿನಗಳ ನೀರನ್ನು ಒಂದೇ ನಲ್ಲಿ ವರುಷದಲ್ಲಿ ಕಳೆದುಬಿಡುತ್ತದೆ.

ಕಾಲು ಸುತ್ತಿನಲ್ಲಿ ತೆರೆಯುವ, ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳ ಹೊಸ ನಲ್ಲಿಗಳೂ ಬಂದಿವೆ. ಅವುಗಳಿಗೂ ಮರಳೇ ವೈರಿ.

ಹಳೆಯ ನಲ್ಲಿಯನ್ನು ದುರಸ್ತಿ ಮಾಡಲು ಕುಶಲಕರ್ಮಿಯೇ ಬೇಕೆಂದಿಲ್ಲ. ಮುಖ್ಯ ಕೊಳಾಯಿಯನ್ನು ನಿಲ್ಲಿಸಿ, ಒಳಗೆ ಉಳಿದ ನೀರನ್ನು ಬಿಂದಿಗೆಗೆ ಇಳಿಸಿ, ಮೇಲಣ ಬಿರಡೆಯನ್ನು ಸ್ಪಾನರಿನಿಂದ ಬಿಡಿಸಿದರೆ ಕಂಬದ ತುದಿಯಲ್ಲಿ ಹಳೆಯ ಬಿಲ್ಲೆ ಕಾಣಿಸುತ್ತದೆ. ಹೊಸತನ್ನು ಕೂಡಿಸುವ ಮುನ್ನ ಪೀಠದ ಸುತ್ತ ಬೆರಳಾಡಿಸಿ ನೋಡಬೇಕು: ನುಣುಪಾಗಿದ್ದರೆ ಚಿಂತೆಯಿಲ್ಲ, ಸುಣ್ಣವಿದ್ದರೆ ಹುಣಸೆಹುಳಿ ತಿಕ್ಕಿದರಾಯಿತು, ಲೋಹವೇ ಸವೆದು ಹಳ್ಳಬಿದ್ದಿದ್ದರೆ ಮಾತ್ರ ಯಾವ ಬಿಲ್ಲೆಯೂ ಹೆಚ್ಚುಕಾಲ ಬಾಳದು, ನಲ್ಲಿಯನ್ನೇ ಬದಲಿಸಬೇಕಾದೀತು.